ಮಾರ್ಮನ್ ಸಭೆ ಬಿಡುವವರಿಗೆ: ಕಾಗದಪತ್ರ, ಮನೆ, ಮಾತಿನ ಮರ್ಯಾದೆ

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಸಭೆಯನ್ನು ಬಿಡುವುದರಲ್ಲಿ ಎರಡು ಕೆಲಸಗಳಿವೆ. ಒಂದು ಕಾಗದದ ಕೆಲಸ: ಒಂದು ಪತ್ರ, ಒಂದು ನೋಟರಿ ಮುದ್ರೆ, ಉತ್ತರಕ್ಕಾಗಿ ಒಂದಷ್ಟು ಕಾಯುವುದು. ಇನ್ನೊಂದು ಮನೆಯವರೊಂದಿಗಿನ ಕೆಲಸ, ಅದು ವರ್ಷಗಟ್ಟಲೆ ನಡೆಯುತ್ತದೆ. ಹಲವರು ಸಿಟ್ಟಿನ ಭರದಲ್ಲಿ ಪತ್ರವನ್ನು ಮೊದಲು ಕಳಿಸುತ್ತಾರೆ. ಸುದ್ದಿ ಬಿಷಪ್ ಮೂಲಕವೋ ನೆರೆಯವರ ಮೂಲಕವೋ ತಾಯಿಯ ಕಿವಿಗೆ ಬೀಳುತ್ತದೆ, ಅಲ್ಲಿಂದಾಚೆ ಏನು ಹೇಳಿದರೂ ನಾಟುವುದಿಲ್ಲ. ಆದ್ದರಿಂದ ಮೊದಲು ಮನೆಯವರು, ಪತ್ರ ಆಮೇಲೆ.

1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಕಟ್ಟಿದ ಈ ಸಭೆಯ ಕೇಂದ್ರ ಈಗ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಅಲ್ಲಿ ಸದಸ್ಯತ್ವ ಎಂದರೆ ಭಾನುವಾರದ ಪ್ರಾರ್ಥನೆಯಷ್ಟೇ ಅಲ್ಲ. ನಿಮ್ಮ ಬೀದಿ ಯಾವುದೋ ಅದರ ಮೇಲೆ ನಿಮ್ಮ ವಾರ್ಡ್, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಸ್ಥಳೀಯ ಸಭೆ, ನಿರ್ಧಾರವಾಗುತ್ತದೆ. ಹಾಗಾಗಿ ಪಕ್ಕದ ಮನೆಯವರೇ ಬಿಷಪ್, ಎದುರು ಮನೆಯವರೇ ಮಕ್ಕಳ ತರಗತಿಯ ಶಿಕ್ಷಕಿ. ಬಿಷಪ್‌ಗೆ ಸಂಬಳವಿಲ್ಲ, ದಿನವಿಡೀ ಬೇರೆ ಉದ್ಯೋಗ ಮಾಡಿ ಸಂಜೆ ಈ ಕೆಲಸ ನೋಡುವವರು. ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ನಿಯಮ ಬರೆದವರು ಅವರಲ್ಲ.

ಪತ್ರಕ್ಕೆ ಮುಂಚೆ ನೋಡಿಕೊಳ್ಳಬೇಕಾದವು

ರಾಜೀನಾಮೆ ಕೊಡಲೇಬೇಕೆಂದಿಲ್ಲ. ಹೋಗುವುದನ್ನು ನಿಲ್ಲಿಸಿ, ಹೆಸರು ಪಟ್ಟಿಯಲ್ಲೇ ಉಳಿಸಿಕೊಂಡವರು ಬಹಳ ಮಂದಿ. ಮನೆಗೆ ಬರುವುದು ಬೇಡ, ಫೋನು ಬೇಡ ಎಂದು ಬಿಷಪ್‌ಗೆ ಒಂದು ಸಾಲು ಬರೆದರೂ ಸಾಮಾನ್ಯವಾಗಿ ಕೆಲಸವಾಗುತ್ತದೆ. ಮನಸ್ಸಿಗೆ ಸ್ಪಷ್ಟ ಮುಕ್ತಾಯ ಬೇಕು, ತನ್ನ ಹೆಸರು ಆ ಲೆಕ್ಕದಲ್ಲಿ ಇರಬಾರದು ಅನ್ನುವವರಿಗೆ ರಾಜೀನಾಮೆ ಸರಿ. 2015ರ ನವೆಂಬರ್‌ನಲ್ಲಿ ಸಲಿಂಗ ದಂಪತಿಯ ಮಕ್ಕಳ ದೀಕ್ಷಾಸ್ನಾನಕ್ಕೆ ಸಭೆ ತಡೆ ಹಾಕಿದಾಗ ಅನೇಕರು ಈ ಕಾರಣಕ್ಕೇ ಪತ್ರ ಬರೆದರು. 2019ರಲ್ಲಿ ಸಭೆ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಸಭೆಯೇ ನಡೆಸುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಓದುವ ಸದಸ್ಯರು ಪದವಿ ಕೈಗೆ ಬರುವವರೆಗೆ, ಅಥವಾ ಬೇರೆ ಕಡೆಗೆ ವರ್ಗ ಪಕ್ಕಾ ಆಗುವವರೆಗೆ ರಾಜೀನಾಮೆ ಕಳಿಸಲೇಬಾರದು. ಅಲ್ಲಿ ಓದು ಮುಂದುವರಿಸಲು ಧರ್ಮಗುರುವಿನ ಒಪ್ಪಿಗೆ ಬೇಕು, ಸದಸ್ಯತ್ವ ಬಿಟ್ಟ ವಿದ್ಯಾರ್ಥಿ ಅದಕ್ಕೆ ಅರ್ಹನಾಗಿ ಉಳಿಯುವುದಿಲ್ಲ. ಎಫ್-1 ವೀಸಾದಲ್ಲಿರುವ ಭಾರತೀಯ ವಿದ್ಯಾರ್ಥಿಗೆ ಇದು ಇನ್ನೂ ಗಂಭೀರ. ದಾಖಲಾತಿ ಹೋದರೆ ವೀಸಾದ ಆಧಾರವೇ ಹೋಗುತ್ತದೆ. ಮೊದಲು ಹೊಸ ವಿಶ್ವವಿದ್ಯಾಲಯದ ಪ್ರವೇಶ, ಆಮೇಲೆ ದಾಖಲೆಗಳ ವರ್ಗಾವಣೆ, ಕೊನೆಗೆ ಪತ್ರ. ಸಭೆಯ ಸಂಬಳದಲ್ಲಿರುವ ನೌಕರರಿಗೂ ಇದೇ ಮಾತು: ಬೇರೆ ಕೆಲಸ ಕೈಯಲ್ಲಿರಲಿ.

ಸಭೆಯ ಖಾತೆಗೆ ಲಾಗಿನ್ ಆಗಿ ಮೂರು ಸಂಗತಿ ಇಳಿಸಿಟ್ಟುಕೊಳ್ಳಿ: ಸದಸ್ಯತ್ವ ಸಂಖ್ಯೆ, ದೇಣಿಗೆಯ ವಾರ್ಷಿಕ ವಿವರ, ಕುಟುಂಬದ ದಾಖಲೆಗಳು. ಅಮೆರಿಕದಲ್ಲಿ ದೇಣಿಗೆಗೆ ತೆರಿಗೆ ವಿನಾಯಿತಿ ಪಡೆದಿದ್ದರೆ ಕನಿಷ್ಠ 3 ವರ್ಷದ ವಿವರ ಕೈಯಲ್ಲಿರಬೇಕು, ರಾಜೀನಾಮೆಯ ನಂತರ ಆ ಪುಟ ತೆರೆಯದೇ ಹೋಗಬಹುದು. ಸಭೆಗೆ ಕೊಡುವ ದಶಮಾಂಶ ಬ್ಯಾಂಕಿನಿಂದ ತಾನಾಗಿ ಕಡಿತವಾಗುತ್ತಿದ್ದರೆ ಅದನ್ನು ನಿಲ್ಲಿಸಲು ಮರೆಯಬೇಡಿ.

ತಂದೆತಾಯಿಗೆ ಹೇಳುವುದು

ನಂಬಿಕೆ ಬಿಟ್ಟವರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಅದಕ್ಕೆ ಕಾರಣವೂ ಇದೆ. ‘ನಾನು ನರಕಕ್ಕೆ ಹೋಗುತ್ತೇನೆಂದು ಅಮ್ಮನಿಗೆ ಭಯ’ ಎಂದುಕೊಂಡು ವಾದಕ್ಕೆ ಸಿದ್ಧರಾಗಿ ಹೋಗುತ್ತಾರೆ. ಮಾರ್ಮನ್ ನಂಬಿಕೆಯಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮೂರು ಸ್ವರ್ಗಸ್ಥಾನಗಳಲ್ಲಿ ಒಂದು ಸಿಗುತ್ತದೆ, ಬೆಂಕಿಯ ನರಕ ಅಲ್ಲಿ ಮುಖ್ಯವೇ ಅಲ್ಲ. ತಾಯಿಯ ಸಂಕಟ ಬೇರೆ. ಟೆಂಪಲ್ ಎಂಬ ಸಭೆಯ ಪವಿತ್ರ ಮಂದಿರದಲ್ಲಿ ನಡೆಯುವ ಸೀಲಿಂಗ್ ಎಂಬ ವಿಧಿಯಿಂದ ಗಂಡ, ಹೆಂಡತಿ, ಮಕ್ಕಳು ಸಾವಿನಾಚೆಗೂ ಒಂದೇ ಕುಟುಂಬವಾಗಿ ಇರುತ್ತಾರೆ ಎಂದು ಆಕೆ ನಂಬಿದ್ದಾಳೆ. ಮಗ ಹೊರನಡೆದರೆ ಆ ಮುಂದಿನ ಬದುಕಿನಲ್ಲಿ ಅವನ ಜಾಗ ಖಾಲಿ. ಆಕೆ ಅಳುವುದು ನಿಮ್ಮ ತೀರ್ಮಾನವನ್ನು ಖಂಡಿಸಲಿಕ್ಕಲ್ಲ, ಅಗಲಿಕೆಯ ದುಃಖಕ್ಕೆ. ದುಃಖದಲ್ಲಿರುವವರ ಮುಂದೆ ಪುರಾವೆಗಳ ಕಡತ ಬಿಚ್ಚುವುದು ಅಮಾನುಷ. ಆ ಸ್ವರ್ಗದಲ್ಲಿ ನಿಮಗೆ ನಂಬಿಕೆ ಇಲ್ಲದಿದ್ದರೂ ಆಕೆಯ ದುಃಖ ನಿಜ.

ದಿನವನ್ನು ನೋಡಿ ಆರಿಸಿಕೊಳ್ಳಿ. ತಿಂಗಳ ಮೊದಲ ಭಾನುವಾರ ಬೇಡ, ಅದು ಸಾಮಾನ್ಯವಾಗಿ ಎರಡು ಊಟ ಬಿಡುವ ಉಪವಾಸದ ದಿನ. ಏಪ್ರಿಲ್ ಮತ್ತು ಅಕ್ಟೋಬರ್‌ನ ಮೊದಲ ವಾರಾಂತ್ಯ ಬೇಡ, ಆಗ ಮಹಾಸಭೆಯ ಭಾಷಣಗಳು ಮನೆಮನೆಯಲ್ಲಿ ಓಡುತ್ತಿರುತ್ತವೆ. ಕ್ರಿಸ್‌ಮಸ್, ಮದುವೆ, ತಮ್ಮನನ್ನು ಮಿಷನ್‌ಗೆ, ಅಂದರೆ ಧರ್ಮಪ್ರಚಾರಕ್ಕೆ, ಕಳಿಸಿಕೊಡುವ ವಾರವೂ ಬೇಡ. ಮದುವೆಯಾಗಿದ್ದರೆ ಮೊದಲು ಸಂಗಾತಿಗೆ ಹೇಳಿ, ಅದಾಗಿ ಕೆಲವು ವಾರದ ನಂತರ ತಂದೆತಾಯಿಗೆ, ಆಮೇಲೆ ಒಡಹುಟ್ಟಿದವರಿಗೆ. ಸಾಮಾಜಿಕ ಜಾಲತಾಣದ ಪೋಸ್ಟ್ ಎಲ್ಲಕ್ಕಿಂತ ಕೊನೆಗೆ, ಬರೆಯದಿದ್ದರೂ ನಷ್ಟವಿಲ್ಲ.

ಮೊದಲ ಮಾತುಕತೆಗೆ ಅರ್ಧ ಗಂಟೆ ಸಾಕು. ಏನು ಬದಲಾಗಿದೆ, ಏನು ಬದಲಾಗಿಲ್ಲ, ಮುಂದೆ ಏನು ಮಾಡುತ್ತೇನೆ ಎಂಬ ಮೂರು ವಿಷಯ ಹೇಳಿ ನಿಲ್ಲಿಸಿ. ಉದಾಹರಣೆಗೆ: “ಅಮ್ಮ, ನನಗೆ ಈಗ ಈ ನಂಬಿಕೆ ಉಳಿದಿಲ್ಲ. ಸುಮ್ಮನೆ ತೀರ್ಮಾನಿಸಿದ್ದಲ್ಲ, ತುಂಬಾ ದಿನ ಓದಿ ಯೋಚಿಸಿದ್ದೇನೆ. ನಿಮ್ಮ ಮೇಲಿನ ಪ್ರೀತಿ ಹಾಗೇ ಇದೆ, ಭಾನುವಾರದ ಊಟಕ್ಕೆ ಬಂದೇ ಬರ್ತೀನಿ. ಸಭೆಗೆ ಮಾತ್ರ ಬರಲ್ಲ.” ಯಾಕೆ ಎಂದು ಕೇಳಿದರೆ, “ಇವತ್ತು ಬೇಡ, ನಿಮಗೆ ನಿಜವಾಗಿ ಬೇಕೆನಿಸಿದ ದಿನ ಹೇಳ್ತೀನಿ” ಅನ್ನಿ. ನಲವತ್ತು ಪುಟದ ದಾಖಲೆಯನ್ನು ಇಮೇಲ್ ಮಾಡಬೇಡಿ. ಅದನ್ನು ಅವರು ಓದುವುದು ತೀರ ಅಪರೂಪ. ಓದಿದರೂ ಪ್ರತಿ ಸಾಲನ್ನು ಮಗನ ಪೆಟ್ಟೆಂದೇ ಓದುತ್ತಾರೆ.

ನಂಬಿಕೆಯುಳ್ಳ ತಂದೆತಾಯಿ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತಿದೆ. ‘ಯಾರೋ ನಿನ್ನ ಮನಸ್ಸು ನೋಯಿಸಿರಬೇಕು’, ‘ಪಾಪ ಮಾಡಬೇಕೆಂದೇ ಬಿಡುತ್ತಿದ್ದೀಯ’, ‘ಸೋಮಾರಿತನ’ ಎಂಬ ಮೂರು ಮಾತು ನಾಲಿಗೆಯ ತುದಿಗೆ ಬರುತ್ತವೆ, ಅವನ್ನು ಅಲ್ಲೇ ತಡೆಯಿರಿ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಓದಿದವರಿಗೆ ಇವು ಕೆನ್ನೆಗೆ ಹೊಡೆದಂತೆ. “ಎಷ್ಟು ದಿನದಿಂದ ಒಬ್ಬನೇ ಇದನ್ನು ಹೊತ್ತುಕೊಂಡಿದ್ದೆ?” ಎಂದು ಕೇಳಿ ನೋಡಿ, ಮಾತು ಮುಂದುವರಿಯುತ್ತದೆ. ಸಭೆಯ ಹನ್ನೊಂದನೇ ನಂಬಿಕೆಯ ಸೂತ್ರವೇ ಪ್ರತಿಯೊಬ್ಬರಿಗೂ ತಮ್ಮ ಅಂತಃಸಾಕ್ಷಿಯಂತೆ ಆರಾಧಿಸುವ ಹಕ್ಕನ್ನು ಒಪ್ಪುತ್ತದೆ. ಆ ಹಕ್ಕು ಮನೆಯೊಳಗೂ ಸಲ್ಲಬೇಕು.

ರಾಜೀನಾಮೆ ಪತ್ರ

ಎರಡು ದಾರಿಗಳಿವೆ. ಸಹಿ ಮಾಡಿದ ಪತ್ರವನ್ನು ಸ್ಥಳೀಯ ಬಿಷಪ್‌ಗೆ ಕೊಡಬಹುದು, ಅಥವಾ ನೋಟರಿ ಮಾಡಿಸಿ ಸಾಲ್ಟ್ ಲೇಕ್ ಸಿಟಿಯ ಪ್ರಧಾನ ಕಚೇರಿಯ ಸದಸ್ಯತ್ವ ದಾಖಲೆ ವಿಭಾಗಕ್ಕೆ ಕಳಿಸಬಹುದು. ಮೊದಲ ದಾರಿಯಲ್ಲಿ ಬಿಷಪ್ ನಿಮ್ಮನ್ನು ಭೇಟಿಯಾಗಲು ಕೇಳುತ್ತಾರೆ. ಅದು ಅವರ ಕರ್ತವ್ಯ. ಒಪ್ಪುವುದು ಬಿಡುವುದು ನಿಮ್ಮಿಷ್ಟ. ಅಲ್ಲಿಂದ ಪತ್ರ ಸ್ಟೇಕ್ (ಹಲವು ವಾರ್ಡ್‌ಗಳ ಗುಂಪು) ಅಧ್ಯಕ್ಷರಿಗೆ ಹೋಗಿ ಕೇಂದ್ರಕ್ಕೆ ತಲುಪುತ್ತದೆ. ಭೇಟಿ ಬೇಡವೆನಿಸಿದರೆ ಎರಡನೇ ದಾರಿ ಹಿಡಿಯಿರಿ.

ಪತ್ರ ಅರ್ಧ ಪುಟ ಮೀರಬಾರದು. ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಈಗಿನ ವಿಳಾಸ, ಸದಸ್ಯತ್ವ ಸಂಖ್ಯೆ ಬರೆದು, ‘ಸದಸ್ಯತ್ವಕ್ಕೆ ಈ ದಿನದಿಂದ ರಾಜೀನಾಮೆ ಕೊಡುತ್ತಿದ್ದೇನೆ, ಇದರ ಪರಿಣಾಮ ತಿಳಿದಿದೆ, ಮನಸ್ಸು ಬದಲಿಸುವುದಿಲ್ಲ, ದೃಢೀಕರಣ ಪತ್ರದ ಹೊರತು ಬೇರೆ ಸಂಪರ್ಕ ಬೇಡ’ ಎಂದು ಸೇರಿಸಿ, ದಿನಾಂಕ ಮತ್ತು ಸಹಿ ಹಾಕಿ. ಕಾರಣ ಬರೆಯುವ ಅಗತ್ಯವಿಲ್ಲ. ಬರೆದರೆ ಅದಕ್ಕೆ ಸಮಾಧಾನ ಹೇಳಲು ಯಾರಾದರೂ ಬರುತ್ತಾರೆ. ನೋಟರಿಯ ಎದುರಲ್ಲೇ ಸಹಿ ಮಾಡಿ, ಮನೆಯಲ್ಲೇ ಮಾಡಿ ತೆಗೆದುಕೊಂಡು ಹೋದರೆ ಅವರು ಒಪ್ಪದೇ ಇರಬಹುದು. ಪ್ರತಿ ಇಟ್ಟುಕೊಂಡು, ತಲುಪಿದ್ದಕ್ಕೆ ರಸೀದಿ ಸಿಗುವ ಅಂಚೆಯಲ್ಲಿ ಕಳಿಸಿ.

ಪತ್ರ ಕೆಡುವುದು ಸಣ್ಣ ಕಾರಣಗಳಿಗೆ. ಮದುವೆಯ ನಂತರ ಹೆಸರು ಬದಲಾಗಿದ್ದು ದಾಖಲೆಯಲ್ಲಿ ಹಳೆಯ ಹೆಸರೇ ಇರುವುದು ಒಂದು, ಹಾಗಿದ್ದರೆ ಎರಡೂ ಹೆಸರು ಬರೆಯಿರಿ. ಜನ್ಮದಿನಾಂಕ ಬಿಟ್ಟುಹೋಗುವುದು ಇನ್ನೊಂದು. ಗಂಡನೊಬ್ಬನೇ ಸಹಿ ಮಾಡಿ ಇಡೀ ಕುಟುಂಬದ ಹೆಸರು ಬರೆಯುವುದು ಮತ್ತೊಂದು: ವಯಸ್ಕರು ತಮ್ಮ ತಮ್ಮ ಸಹಿ ಹಾಕಬೇಕು, ಅಪ್ರಾಪ್ತ ಮಕ್ಕಳ ವಿಷಯದಲ್ಲಿ ಕಾನೂನುಬದ್ಧ ಪಾಲಕರ ಸಹಿ ಬೇಕು. ಸಂಗಾತಿಗೆ ಗೊತ್ತಿಲ್ಲದಂತೆ ಮಕ್ಕಳ ಹೆಸರು ತೆಗೆಸಲು ಹೋಗುವುದಂತೂ ಮನೆ ಒಡೆಯುವ ಕೆಲಸ. ಮುಂದೆಂದಾದರೂ ಮರಳಬೇಕೆನಿಸಿದರೆ ಮತ್ತೆ ದೀಕ್ಷಾಸ್ನಾನ ಆಗಬೇಕು ಎಂಬುದೂ ತಿಳಿದಿರಲಿ.

ಒಬ್ಬರು ನಂಬುವ, ಒಬ್ಬರು ನಂಬದ ಮನೆ

ಹಣದಿಂದ ಶುರುಮಾಡಿ, ಅದನ್ನು ಮುಂದೂಡಿದಷ್ಟೂ ಹುಳಿಯಾಗುತ್ತದೆ. ದಶಮಾಂಶ ಎಂದರೆ ಆದಾಯದ 10ನೇ ಒಂದು ಭಾಗ. ಮನೆಯ ಆದಾಯ ತಿಂಗಳಿಗೆ 6,000 ಡಾಲರ್ ಎಂದುಕೊಳ್ಳಿ, ಪೂರ್ತಿ ದಶಮಾಂಶ 600. ಅರ್ಧ ಆದಾಯ ನಂಬುವವರದು ಎಂದು ಲೆಕ್ಕ ಹಿಡಿದು 300 ಕೊಡುವುದು, ಉಳಿದ 300ನ್ನು ಇನ್ನೊಬ್ಬರು ಒಪ್ಪುವ ಉಳಿತಾಯಕ್ಕೋ ದಾನಕ್ಕೋ ಹಾಕುವುದು ಬಾಳಿಕೆ ಬರುವ ಒಪ್ಪಂದ. ಯಾರು ದುಡಿಯುತ್ತಾರೆ ಎಂಬುದರ ಮೇಲೆ ಈ ಲೆಕ್ಕ ಹಾಕಬೇಡಿ. ಮನೆ ನೋಡಿಕೊಳ್ಳುವ ಹೆಂಡತಿಯ ನಂಬಿಕೆಗೆ ಬೆಲೆಯೇ ಇಲ್ಲ ಎಂದಂತಾಗುತ್ತದೆ.

ಚಹಾ, ಕಾಫಿ, ಮದ್ಯ, ತಂಬಾಕು ಈ ಸಭೆಯಲ್ಲಿ ನಿಷಿದ್ಧ. ಕಾಫಿ ಮನೆಯಲ್ಲಿ ಕುಡಿಯಬಹುದೇ, ಮಕ್ಕಳೆದುರು ಕುಡಿಯಬಹುದೇ ಎಂದು ಮೊದಲೇ ಮಾತಾಡಿ, ಬಚ್ಚಿಟ್ಟು ಕುಡಿದು ಸಿಕ್ಕಿಬಿದ್ದಾಗ ನೋವಾಗುವುದು ಕಾಫಿಯಿಂದಲ್ಲ. ಮದ್ಯದ ಬಗ್ಗೆ ಒಂದು ಎಚ್ಚರಿಕೆ: ಮೂವತ್ತು ನಲವತ್ತು ವರ್ಷ ಮುಟ್ಟದವರಿಗೆ ತಮ್ಮ ಅಳತೆ ತಿಳಿದಿರುವುದಿಲ್ಲ. ಯೂಟಾದಲ್ಲಿ ವಾಹನ ಓಡಿಸುವವರ ರಕ್ತದ ಮದ್ಯಮಿತಿ 2018ರ ಕೊನೆಯಿಂದ 0.05, ಬೇರೆ ರಾಜ್ಯಗಳಲ್ಲಿ ಸಾಮಾನ್ಯವಾಗಿ 0.08. ಕುಡಿದ ದಿನ ಕಾರಿನ ಕೀ ಬೇರೆಯವರ ಕೈಯಲ್ಲಿರಲಿ.

ಮಕ್ಕಳಿಗೆ 8 ವರ್ಷವಾದಾಗ ದೀಕ್ಷಾಸ್ನಾನ. ಇದರ ಮಾತು 6ನೇ ವರ್ಷದಲ್ಲೇ ಆಗಬೇಕು, ಹುಟ್ಟುಹಬ್ಬದ ಹಿಂದಿನ ವಾರವಲ್ಲ. ಮಗು ಆ ವಯಸ್ಸಿಗೇ ತೀರ್ಮಾನಿಸಲಿ, ದೊಡ್ಡವಳಾಗುವವರೆಗೆ ಕಾಯಲಿ, ಇಬ್ಬರ ಮಾತನ್ನೂ ಕೇಳಲಿ: ಯಾವುದಾದರೂ ಸರಿ, ಆದರೆ ಅಪ್ಪ ಅಮ್ಮ ಒಂದೇ ಮಾತು ಹೇಳಬೇಕು. ಸ್ನಾನ ನಡೆದರೆ, ನಂಬದ ತಂದೆಯೂ ಮುಂದಿನ ಸಾಲಿನಲ್ಲಿ ಕೂತು ಒದ್ದೆ ಕೂದಲಿಗೆ ಟವೆಲ್ ಹಿಡಿದು ನಿಲ್ಲಬೇಕು. ಮುಂದೆ ಬಿಷಪ್ ಮಕ್ಕಳೊಂದಿಗೆ ಸಂದರ್ಶನ ನಡೆಸುವಾಗ, 2018ರಿಂದ ಮಗು ಬಯಸಿದರೆ ಪಾಲಕರೊಬ್ಬರು ಒಳಗಿರಬಹುದು. ಇದನ್ನು ಮಗುವಿಗೆ ತಿಳಿಸಿ.

ಟೆಂಪಲ್ ದೀಕ್ಷೆ ಪಡೆದವರು ಧರಿಸುವ ಒಳಉಡುಪಿನ ಬಗ್ಗೆ ನಗೆಚಾಟಿಕೆ ಬೇಡ. ಜನಿವಾರವನ್ನೋ ಶಿವದಾರವನ್ನೋ ಗೇಲಿ ಮಾಡಿದರೆ ಹೇಗಿರುತ್ತದೆ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ, 2018ರಿಂದ ಸಭೆ ತನ್ನನ್ನು ‘ಕೊನೆಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’ ಎಂಬ ಪೂರ್ಣ ಹೆಸರಿನಿಂದಲೇ ಕರೆಯಿರಿ ಎನ್ನುತ್ತಿದೆ, ಕೆಲವು ಭಕ್ತರಿಗೆ ‘ಮಾರ್ಮನ್’ ಅನ್ನುವುದು ಹಿಡಿಸುವುದಿಲ್ಲ. ಅವರೆದುರು ‘ನಿಮ್ಮ ಸಭೆ’ ಎಂದರೆ ಸಾಕು.

ಊಟದ ಮೇಜು, ಮದುವೆ, ಬಾಗಿಲಿಗೆ ಬರುವ ಹುಡುಗರು

ಪ್ರಾರ್ಥನೆ ನಡೆಯುವಾಗ ನಾಸ್ತಿಕನು ಕಣ್ಣು ಮುಚ್ಚಬೇಕಿಲ್ಲ, ಆಮೆನ್ ಅನ್ನಬೇಕಿಲ್ಲ. ಫೋನು ಕೆಳಗಿಟ್ಟು, ಚಮಚ ಮುಟ್ಟದೆ ಸುಮ್ಮನೆ ಕೂತರೆ ಆಯಿತು. ನಿಮ್ಮ ಮನೆಗೆ ಅವರು ಬಂದಾಗ ಪ್ರಾರ್ಥಿಸಲು ಬಿಡಿ. ‘ದೇವರೇ, ಇವನಿಗೆ ದಾರಿ ತೋರು’ ಎಂದು ನಿಮ್ಮನ್ನೇ ಗುರಿಯಿಟ್ಟು ಪ್ರಾರ್ಥಿಸಿದರೆ ಮಾತ್ರ, ಎಲ್ಲರೂ ಎದ್ದ ಮೇಲೆ, ಪ್ರಾರ್ಥಿಸಿದವರಿಗಷ್ಟೇ ಕೇಳುವಂತೆ, ಅದು ನೋವಾಯಿತೆಂದು ಹೇಳಿ.

ಟೆಂಪಲ್ ಮದುವೆಗೆ ಅನುಮತಿಪತ್ರವಿಲ್ಲದವರಿಗೆ ಪ್ರವೇಶವಿಲ್ಲ. ಹೆತ್ತವರೇ ಹೊರಗೆ ಕಾಯುವ ಸಂಕಟ ಅನೇಕ ಕುಟುಂಬಗಳದು. ಮೊದಲೆಲ್ಲ ಅಮೆರಿಕದಲ್ಲಿ ಹೊರಗೆ ಮದುವೆಯಾದವರು ಸೀಲಿಂಗ್‌ಗೆ ಒಂದು ವರ್ಷ ಕಾಯಬೇಕಿತ್ತು. 2019ರ ಮೇ ತಿಂಗಳಲ್ಲಿ ಆ ನಿಯಮ ಹೋಯಿತು. ಈಗ ಎಲ್ಲರೆದುರು ಮದುವೆ, ನಂತರ ಟೆಂಪಲ್ ವಿಧಿ ಎಂದು ಜೋಡಿ ಮುಂಚೆಯೇ ಏರ್ಪಾಡು ಮಾಡಿಕೊಳ್ಳಬಹುದು. ನಿಶ್ಚಿತಾರ್ಥದ ಹೊತ್ತಿಗೇ ಇದನ್ನು ಕೇಳಿ.

ಮಿಷನರಿಗಳು ಬಾಗಿಲು ತಟ್ಟಿದರೆ ಅವರ ವಯಸ್ಸು ನೋಡಿ. ಹುಡುಗರು 18ಕ್ಕೇ ಹೊರಟು ಎರಡು ವರ್ಷ ಮನೆಯಿಂದ ದೂರವಿರುತ್ತಾರೆ. “ಆಸಕ್ತಿಯಿಲ್ಲಪ್ಪ, ನೀರು ಕುಡಿದು ಹೋಗಿ” ಅನ್ನುವುದಕ್ಕೆ ಅರ್ಧ ನಿಮಿಷ ಸಾಕು. ಸಭೆಯ ಇತಿಹಾಸದ ಜಗಳವನ್ನು ಆ ಮಕ್ಕಳ ತಲೆಗೆ ಕಟ್ಟಬೇಡಿ.

ಬೆಂಗಳೂರಿನಲ್ಲೂ ಈ ಸಭೆಗೆ ಮಿಷನ್ ಇದೆ, ಅಲ್ಲೊಂದು ಟೆಂಪಲ್ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. ಇಲ್ಲಿ ಕುಟುಂಬದಲ್ಲಿ ಒಬ್ಬರೇ ಸೇರಿದವರು ಬಿಟ್ಟುಬಂದಾಗ, ‘ಆವತ್ತೇ ಹೇಳಿರಲಿಲ್ವಾ’ ಎಂದು ನೆಂಟರು ಬೀಗಬಹುದು. ಅದಕ್ಕೆ ದನಿಗೂಡಿಸಿ ಹಳೆಯ ಗೆಳೆಯರನ್ನು ಹೀಯಾಳಿಸಬೇಡಿ. ಸಂಕಟದಲ್ಲಿದ್ದಾಗ ಊಟ ತಂದುಕೊಟ್ಟವರು ಅವರೇ ಆಗಿದ್ದಿರಬಹುದು.

ವಾದಕ್ಕೆ ಇಳಿಯಲೇಬೇಕಾದಾಗ

ಅವರೇ ಕೇಳಲಿ. ಕೇಳಿದರೆ ಒಂದೇ ಪ್ರಶ್ನೆ, ಅರ್ಧ ಗಂಟೆ, ನಡುವೆ ಯಾರು ‘ಇವತ್ತಿಗೆ ಸಾಕು’ ಅಂದರೂ ಅಲ್ಲಿಗೆ ನಿಲ್ಲಿಸುವುದು. ವಿರೋಧಿಗಳ ಬರಹ ತೋರಿಸಬೇಡಿ. 2013ರಿಂದ ಸಭೆಯೇ ತನ್ನ ಇತಿಹಾಸದ ಬಗ್ಗೆ ಲೇಖನಗಳನ್ನು ಪ್ರಕಟಿಸಿದೆ, ಜೋಸೆಫ್ ಸ್ಮಿತ್‌ಗೆ 30ರಿಂದ 40 ಪತ್ನಿಯರಿದ್ದರೆಂಬ ಅಂದಾಜು ಅವುಗಳಲ್ಲೇ ಇದೆ. ಅಲ್ಲಿಂದ ಶುರುಮಾಡಿದರೆ ಆಧಾರದ ಮೇಲೆ ಜಗಳವಿರುವುದಿಲ್ಲ. ಅದರ ಅರ್ಥವೇನು ಎಂಬುದಷ್ಟೇ ಉಳಿಯುತ್ತದೆ, ಅಲ್ಲಿ ಇಬ್ಬರೂ ಪ್ರಾಮಾಣಿಕವಾಗಿ ಬೇರೆಯಾಗಬಹುದು. ‘ಬ್ರೈನ್‌ವಾಶ್’ ಎಂಬ ಮಾತು ಬಾಯಿಗೆ ಬಂದರೆ ಅಲ್ಲಿಗೆ ಮಾತುಕತೆ ಸತ್ತಂತೆ.

ತಂಗಿಯೋ ತಮ್ಮನೋ ಗುಟ್ಟಾಗಿ ಬಂದು ‘ನನಗೂ ಅನುಮಾನ ಶುರುವಾಗಿದೆ’ ಎಂದರೆ ಹುರುಪಿನಿಂದ ಮೇಲೆ ಬೀಳಬೇಡಿ. ಕೇಳಿಸಿಕೊಳ್ಳಿ, ಕೇಳಿದ್ದಕ್ಕಷ್ಟೇ ಉತ್ತರಿಸಿ, ಮನೆಯಲ್ಲಿ ಯಾರಿಗೂ ಹೇಳಬೇಡಿ. ಆಕೆ ಬ್ರಿಗಮ್ ಯಂಗ್‌ನಲ್ಲಿ ಓದುತ್ತಿದ್ದರೆ ಮೊದಲು ಪದವಿಯ ಮಾತಾಡಿ. ಕೊನೆಗೆ ಆಕೆ ಸಭೆಯಲ್ಲೇ ಉಳಿಯುತ್ತೇನೆಂದರೆ, ಮುಂದಿನ ಭಾನುವಾರದ ಊಟಕ್ಕೆ ಎಂದಿನಂತೆ ಹೋಗಿ ಅವಳ ಪಕ್ಕ ಕೂತುಕೊಳ್ಳಿ.