ಪಿಚರ್ ಕೈಯಲ್ಲಿ ಚೆಂಡಿದ್ದಾಗ ರನ್ನರ್ ಏನು ಮಾಡಬೇಕು?

ಕ್ರಿಕೆಟ್ ಆಡಿ ಬೆಳೆದ ನಮ್ಮ ಮಕ್ಕಳು ಸಾಫ್ಟ್‌ಬಾಲ್‌ನಲ್ಲಿ ಎಡವುವುದು ಇಲ್ಲೇ. ಚೆಂಡು ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವಳು) ಕೈ ಸೇರಿತು, ಇನ್ನು ಆಟ ನಿಂತಿತು ಎಂದುಕೊಂಡು ಬೇಸ್‌ನಿಂದ (ಓಡುವ ರನ್ನರ್ ಮುಟ್ಟುತ್ತ ಸಾಗುವ ಗುರುತು) ಮೂರು ಹೆಜ್ಜೆ ಆಚೆ ಸುಮ್ಮನೆ ನಿಲ್ಲುತ್ತಾರೆ. ಫಾಸ್ಟ್‌ಪಿಚ್‌ (ವೇಗದ ಎಸೆತದ ಸಾಫ್ಟ್‌ಬಾಲ್) ಆಟದಲ್ಲಿ ಆಗಲೂ ಚೆಂಡು ಜೀವಂತ, ಅಂದರೆ ಆಟ ನಿಂತಿಲ್ಲ. ಹಾಗೆ ನಿಂತ ರನ್ನರ್ ಔಟ್. ಚೆಂಡು ತಂದು ಮುಟ್ಟಿಸಬೇಕಿಲ್ಲ. ಇದೇ ಲುಕ್ ಬ್ಯಾಕ್ ನಿಯಮ.

ಪಿಚರ್ ಸುತ್ತಲಿನ ವೃತ್ತದ ಮೇಲೆ ಈ ನಿಯಮ ನಿಂತಿದೆ, ಮೊದಲು ಅದು ಸರಿಯಾಗಿರಲಿ. ಪಿಚಿಂಗ್ ಪ್ಲೇಟಿನ (ಪಿಚರ್ ಕಾಲಿಟ್ಟು ಎಸೆಯುವ ಪಟ್ಟಿ) ಮುಂದಿನ ಅಂಚಿನ ನಟ್ಟನಡುವೆ ಗೂಟ ಇಟ್ಟು, 2.44 ಮೀಟರ್ (8 ಅಡಿ) ಹಗ್ಗ ಕಟ್ಟಿ ಸುತ್ತಲೂ ಗೆರೆ ಎಳೆಯಿರಿ. ವಿಜಯಪುರ, ಬಾಗಲಕೋಟೆ ಕಡೆಯ ಎರೆಮಣ್ಣಿನ ಮೈದಾನದಲ್ಲಿ ಒಣ ಸುಣ್ಣದ ಪುಡಿ ಗಾಳಿಗೆ, ತುಳಿತಕ್ಕೆ ಬೇಗ ಅಳಿಸುತ್ತದೆ. ನೀರಲ್ಲಿ ಕಲಸಿ ಹಾಕುವುದು ಲೇಸು. ಗೆರೆಯೂ ವೃತ್ತದ ಭಾಗವೇ.

ಪಿಚರ್ ಈ ವೃತ್ತದೊಳಗೆ ಚೆಂಡನ್ನು ಹಿಡಿತಕ್ಕೆ ತೆಗೆದುಕೊಂಡಿರಬೇಕು; ಬ್ಯಾಟರ್ ಓಟ ಶುರು ಮಾಡಿದ್ದರೆ ಒಂದನೇ ಬೇಸ್ ಮುಟ್ಟಿರಬೇಕು ಅಥವಾ ಔಟ್ ಆಗಿರಬೇಕು. ಆಗ ನಿಯಮ ಜಾರಿ.

ಮೂರನೇ ಬೇಸ್‌ನಲ್ಲಿ ಒಬ್ಬ ರನ್ನರ್ ಇದ್ದಾಳೆ ಎನ್ನಿ. ಪಿಚ್ (ಪಿಚರ್ ಎಸೆತ) ಆದಮೇಲೆ ನಾಲ್ಕು ಹೆಜ್ಜೆ ಬಂದಿದ್ದಾಳೆ, ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವವಳು) ಚೆಂಡನ್ನು ವಾಪಸ್ ಎಸೆದಳು, ಪಿಚರ್ ವೃತ್ತದಲ್ಲಿ ಹಿಡಿದಳು. ರನ್ನರ್ ನಿಂತಿದ್ದರೆ ಆ ಕ್ಷಣವೇ ಹೋಂಗೆ (ಬ್ಯಾಟರ್ ಆಡುವ, ರನ್ ಪೂರ್ಣವಾಗುವ ಜಾಗ) ಓಡಬೇಕು, ಇಲ್ಲವೇ ಬೇಸ್‌ಗೆ ಮರಳಬೇಕು. ಓಡುತ್ತಿದ್ದರೆ ಒಂದೇ ಒಂದು ಸಲ ನಿಲ್ಲಬಹುದು, ಬಳಿಕ ಕೂಡಲೇ ದಾರಿ ಹಿಡಿಯಬೇಕು. ಮರಳತೊಡಗಿ ಎರಡು ಹೆಜ್ಜೆಗೆ ಮನಸ್ಸು ಬದಲಿಸಿ ಹೋಂ ಕಡೆ ತಿರುಗಿದಳೋ, ಅಂಪೈರ್ 'ಡೆಡ್ ಬಾಲ್' (ಆಟ ನಿಂತಿತು) ಎಂದು ಔಟ್ ಕೊಡುತ್ತಾರೆ. 'ಕೂಡಲೇ' ಎಂದರೆ ಎಷ್ಟು ಸೆಕೆಂಡ್ ಎಂಬ ಲೆಕ್ಕವಿಲ್ಲ, ಅದು ಅಂಪೈರ್ ತೀರ್ಮಾನ. ಇಬ್ಬರು ರನ್ನರ್ ಒಟ್ಟಿಗೆ ತಪ್ಪಿದರೂ ಔಟ್ ಒಂದೇ.

ಬಿಡುಗಡೆಯೂ ಉಂಟು. ಪಿಚರ್ ಯಾವುದೇ ರನ್ನರ್ ಮೇಲೆ ಪ್ಲೇ ಮಾಡಿದರೆ (ಔಟ್ ಮಾಡಲು ಯತ್ನಿಸಿದರೆ), ಚೆಂಡು ಕೈಬಿಟ್ಟರೆ, ವೃತ್ತದಿಂದ ಹೊರಬಿದ್ದರೆ ರನ್ನರ್ ಮತ್ತೆ ಸ್ವತಂತ್ರಳು. ಎಸೆಯುವಂತೆ ಕೈ ಎತ್ತಿ ಹೆದರಿಸುವುದೂ ಪ್ಲೇ ಲೆಕ್ಕವೇ. ಎಷ್ಟೋ ಪಿಚರ್‌ಗಳು ಇದನ್ನು ಮರೆತು, ಸಿಗಲಿದ್ದ ಔಟನ್ನು ತಾವೇ ಕಳೆದುಕೊಳ್ಳುತ್ತಾರೆ.

ನಾಲ್ಕು ಬಾಲ್ (ಗುರಿ ತಪ್ಪಿದ ಎಸೆತ) ಆಗಿ ಒಂದನೇ ಬೇಸ್ ಪಡೆದ ಬ್ಯಾಟರ್ ಅದನ್ನು ಮುಟ್ಟಿ, ನಿಲ್ಲದೆ ಎರಡನೆಯದಕ್ಕೆ ಓಡಬಹುದು. ಬೇಸ್ ಮೇಲೆ ನಿಂತುಬಿಟ್ಟರೆ ಅಲ್ಲೇ ಇರಬೇಕು.

ಅಭ್ಯಾಸಕ್ಕೆ: ಪಿಚರ್ ಒಮ್ಮೆ ಚೆಂಡು ಹಿಡಿದು ಸುಮ್ಮನಿರಲಿ, ಮತ್ತೊಮ್ಮೆ ಕೈ ಎತ್ತಲಿ. ರನ್ನರ್ ಕಣ್ಣು ಪಿಚರ್ ಕೈಮೇಲೇ ಇರಲಿ. ಬೇಸ್ ಪಕ್ಕದ ಕೋಚ್ ಕೂಗಬೇಕಾದ್ದು ಇಷ್ಟೇ: "ಹೋಗ್, ಇಲ್ಲಾ ಹೊಳ್ಳಿ ಬಾ, ನಿಂದರಬ್ಯಾಡ!"