ಅಳತೆ ಬ್ಲೌಸ್ ತರಬೇಡಿ

ಗೌರಿಬಿದನೂರಿನಲ್ಲಿ ನನ್ನದೊಂದು ಚಿಕ್ಕ ಹೊಲಿಗೆ ಅಂಗಡಿ. ಬರುವವರು ಸಾಮಾನ್ಯವಾಗಿ ಎರಡು ಕವರ್ ಹಿಡಿದು ಬರುತ್ತಾರೆ. ಒಂದರಲ್ಲಿ ಹೊಸ ಸೀರೆಯ ಬ್ಲೌಸ್ ಪೀಸ್, ಇನ್ನೊಂದರಲ್ಲಿ ಅಳತೆ ಬ್ಲೌಸ್. "ಇದೇ ಅಳತೆಗೆ ಹೊಲಿದುಬಿಡಕ್ಕಾ. ಕೈ ಒಂಚೂರು ಬಿಗಿ ಆಗ್ತೈತೆ, ಸ್ವಲ್ಪ ಬಿಡು" ಅನ್ನುತ್ತಾರೆ. ಆ ಬ್ಲೌಸನ್ನು ತಿರುವಿ ನೋಡಿದರೆ ಪಕ್ಕದ ಹೊಲಿಗೆ ಎರಡು ಸಲ ಬಿಚ್ಚಿರುತ್ತದೆ, ಒಳಗೆ ಬಟ್ಟೆ ಉಳಿದಿರುವುದಿಲ್ಲ, ಕಂಕುಳ ಹತ್ತಿರ ನೂಲು ಜಾಳಾಗಿರುತ್ತದೆ. ಅದನ್ನೂ ಯಾರೋ ಎಂಟು ವರ್ಷದ ಹಿಂದೆ ಇನ್ನೊಂದು ಅಳತೆ ಬ್ಲೌಸ್ ನೋಡಿಯೇ ಹೊಲಿದಿರುತ್ತಾರೆ. ಅದರ ಹಿಂದೆ ಮತ್ತೊಂದು. ಹೀಗೆ ಕೇಳುತ್ತಾ ಹೋದರೆ ಆಕೆಯ ಮೈಗೆ ಟೇಪು ತಾಗಿದ್ದು ಮದುವೆ ಸಮಯದಲ್ಲಿ ಒಂದೇ ಒಂದು ಸಲ. ಆಮೇಲೆ ಎರಡು ಹೆರಿಗೆ, ಒಂದು ಆಪರೇಷನ್, ಥೈರಾಯ್ಡ್, ಇಪ್ಪತ್ತು ವರ್ಷ ಎಲ್ಲ ಕಳೆದಿರುತ್ತವೆ.

ನಾನೂ ಹಾಗೇ ಇದ್ದವಳು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

2011ರ ಮೇ ತಿಂಗಳಲ್ಲಿ ತಮ್ಮನ ಮದುವೆ. ಮಾವಿನ ಹಣ್ಣಿನ ಬಣ್ಣದ ರೇಷ್ಮೆ ಸೀರೆ, ಕಡುಗೆಂಪು ಅಂಚು. ಬ್ಲೌಸ್ ಹೊಲಿಯಲು ಕೊಟ್ಟಿದ್ದ ಕಡೆ ಅಂಗಡಿ ತುಂಬಾ ಜನ ಕೂತಿದ್ದಾಗ ಟೈಲರ್, "ಈ ಕೈಗೆ ಬಟ್ಟೆ ಎಲ್ಲಿಂದ ತರಲಮ್ಮಾ, ಕೈ ಇಳಿಸ್ಕೊಂಡು ಬಾ" ಎಂದುಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೇನು ಮಾಡಬೇಕೋ ತೋಚಲಿಲ್ಲ. ಮದುವೆ ದಿನ ಆರತಿ ಎತ್ತಬೇಕಾದವಳು ಅಕ್ಕನಾದ ನಾನು. ತಟ್ಟೆ ಮೇಲಕ್ಕೆತ್ತಿದಾಗ ಬಲಗಡೆ ಕಂಕುಳ ಹೊಲಿಗೆ ಬಿಟ್ಟುಕೊಂಡಿತು. ಆಮೇಲೆ ಇಡೀ ದಿನ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದುಕೊಂಡು ಬೆವರುತ್ತಾ ಕೂತಿದ್ದೆ. ಆಲ್ಬಂನ ಪ್ರತಿ ಫೋಟೊದಲ್ಲೂ ಹಾಗೇ ಇದ್ದೇನೆ. ಮುಂದೆ ಮೂರು ವರ್ಷ ನಾನು ಯಾವ ಶುಭಕಾರ್ಯದಲ್ಲೂ ಫೋಟೊಗೆ ನಿಲ್ಲಲಿಲ್ಲ.

ಆಗ ನಾನು ಗಾರ್ಮೆಂಟ್ಸ್‌ನಲ್ಲಿ ಆಪರೇಟರ್. ಅಂಗಿಗೆ ತೋಳು ಕೂಡಿಸುವುದು ನನ್ನ ಕೆಲಸ. ಬಂಡಲ್ ಬಂದಾಗ ಚೀಟಿಯಲ್ಲಿ ಎಸ್, ಎಂ, ಎಲ್, ಎಕ್ಸೆಲ್ ಎಂದಿರುತ್ತಿತ್ತು. ಎಲ್ಲಾ ಸೈಜಿಗೂ ಮೂಲ ಪ್ಯಾಟ್ರನ್, ಅಂದರೆ ಬಟ್ಟೆ ಕತ್ತರಿಸುವ ಮಾದರಿ, ಒಂದೇ. ಒಂದು ಮಧ್ಯದ ಅಳತೆ ಇಟ್ಟುಕೊಂಡು ಸುತ್ತಲೂ ಇಷ್ಟಿಷ್ಟೇ ಕೂಡಿಸುತ್ತಾ ದೊಡ್ಡದು, ಕಳೆಯುತ್ತಾ ಚಿಕ್ಕದು ಮಾಡುತ್ತಾರೆ. ಎದೆ ಎರಡು ಇಂಚು ಹೆಚ್ಚಿದವಳಿಗೆ ತೋಳು ಇಷ್ಟು, ಭುಜ ಇಷ್ಟು ಹೆಚ್ಚಿರುತ್ತದೆ ಎಂದು ಲೆಕ್ಕ. ಮೈ ಆ ಲೆಕ್ಕದಲ್ಲಿ ಬೆಳೆಯುವುದಿಲ್ಲ. ನನಗೆ ಹೆಚ್ಚಿದ್ದು ತೋಳಲ್ಲಿ, ನನ್ನ ಓರಗಿತ್ತಿಗೆ ಹೊಟ್ಟೆಯಲ್ಲಿ, ಆಕೆಯ ಭುಜ ಇವತ್ತಿಗೂ ಹುಡುಗಿಯದು. ಈ ಸೈಜುಗಳು ಎಲ್ಲಿಂದ ಬಂದವು ಎಂದು ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ 1939-40ರಲ್ಲಿ ಸರ್ಕಾರವೇ ಸುಮಾರು 15,000 ಹೆಂಗಸರ ಮೈ ಅಳೆಸಿತಂತೆ. ಕೊನೆಯ ಲೆಕ್ಕಕ್ಕೆ ತೆಗೆದುಕೊಂಡದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. ಅಂಥ ಲೆಕ್ಕದಿಂದ ಹುಟ್ಟಿದ ಸೈಜಿನ ಬಟ್ಟೆಯನ್ನು ನಮ್ಮ ಹುಡುಗಿಯರು ಹಾಕಿ ನೋಡಿ, ಕೂಡದಿದ್ದರೆ ತಮ್ಮ ಮೈಯನ್ನೇ ಬೈದುಕೊಳ್ಳುತ್ತಾರೆ. ನಮ್ಮ ದೇಶದವರ ಮೈ ಅಳೆದು ನಮ್ಮದೇ ಸೈಜು ಮಾಡುವ ಕೆಲಸಕ್ಕೆ ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ ಕೈ ಹಾಕಿದ್ದು ತೀರಾ ಇತ್ತೀಚೆಗೆ.

ಕೆಲಸ ಬಿಟ್ಟು ಮನೆಯಲ್ಲೇ ಮೆಷಿನ್ ಇಟ್ಟುಕೊಂಡ ಮೇಲೆ, ಒಂದು ಭಾನುವಾರ ಓರಗಿತ್ತಿಯನ್ನು ಕರೆದು, ಬಾಗಿಲು ಹಾಕಿ, "ನನ್ನನ್ನ ಅಳಿ" ಅಂದೆ. ಇಪ್ಪತ್ತು ಅಳತೆ ಬರೆದುಕೊಂಡೆವು. ರಟ್ಟೆ ಹದಿನಾರೂವರೆ ಇಂಚು ಬಂದಾಗ ಆಕೆ ಬಾಯಿಬಿಟ್ಟು ಹೇಳದೆ ಪುಸ್ತಕದಲ್ಲಿ ಬರೆದಳು. ಜೋರಾಗಿ ಹೇಳು ಎಂದೆ. ಹೇಳಿದಳು. ಕೇಳಿಸಿಕೊಂಡೆ. ಅಷ್ಟು ವರ್ಷ ಹೆದರಿದ್ದ ಸಂಖ್ಯೆ ಅದು. ಕಾಗದದ ಮೇಲೆ ಬಂದ ಮೇಲೆ ಅದರ ಜೊತೆ ಮಾಡಬೇಕಾದ ಕೆಲಸ ಒಂದೇ ಉಳಿಯಿತು: ಅದಕ್ಕೊಂದು ಇಂಚು ಕೂಡಿಸಿ ತೋಳು ಕತ್ತರಿಸುವುದು.

ಇನ್ನು ಕತ್ತರಿಸುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊಲಿಯುವವರಿಗೆ ಉಪಯೋಗಕ್ಕೆ ಬರುತ್ತದೆ.

ನಾವು ಕಲಿತದ್ದು ಎದೆ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ ಹಿಂದೆ ಮುಂದೆ ಒಂದೇ ಅಗಲ ಇಡುವುದನ್ನು. ನನ್ನ ಎದೆ 44, ಅಂದರೆ ಒಂದೊಂದು ಭಾಗಕ್ಕೆ 11. ಇದೇ ತಪ್ಪು. ಕಂಕುಳ ಕೆಳಗೆ, ಎದೆಯ ಉಬ್ಬಿಗಿಂತ ಮೇಲೆ ಟೇಪು ಹಿಡಿದರೆ ನನಗೆ ಬರುವುದು 40. ಬೆನ್ನು ನಿಜವಾಗಿ ಆ ಅಳತೆಯದು. ಆದ್ದರಿಂದ ಹಿಂದಿನ ಭಾಗವನ್ನು ಹತ್ತತ್ತು ಇಂಚಿಗೆ, ಮುಂದಿನದನ್ನು ಹನ್ನೆರಡು ಹನ್ನೆರಡಕ್ಕೆ ಹಾಕಿದೆ. ಒಟ್ಟು ಅದೇ 44. ಭುಜ ಮತ್ತು ಕತ್ತನ್ನೂ 40ರ ಅಳತೆಗೇ ಇಟ್ಟೆ. ಮೊದಲ ಸಲ ನನ್ನ ಬ್ಲೌಸ್ ಭುಜದಿಂದ ಜಾರಲಿಲ್ಲ. ಕತ್ತು ಅಗಲ ಆಗಿ ಒಳಪಟ್ಟಿ ಕಾಣುತ್ತದೆ ಎಂದು ಪಿನ್ನು ಹಾಕಿಕೊಳ್ಳುವ ದಪ್ಪ ಮೈಯವರಿಗೆಲ್ಲ ಇದೇ ಕಾರಣ, ನೋಡಿಕೊಳ್ಳಿ.

ಎರಡನೆಯದು ಕಂಕುಳು. ಕೈ ಬಿಗಿ ಎಂದ ತಕ್ಷಣ ಕಂಕುಳ ಸುತ್ತನ್ನು ಕೆಳಕ್ಕೆ ಇಳಿಸುತ್ತಾರೆ. ಇಳಿಸಿದಷ್ಟೂ ಕೈ ಎತ್ತಿದಾಗ ಇಡೀ ಬ್ಲೌಸೇ ಮೇಲೆ ಹೋಗುತ್ತದೆ, ಹೊಟ್ಟೆ ಕಾಣುತ್ತದೆ, ಹೊಲಿಗೆ ಕೀಳುತ್ತದೆ. ಮಾಡಬೇಕಾದದ್ದು ತಿರುವು ಮುರುವು. ಕಂಕುಳ ಸುತ್ತು ಮೈಗೆ ಹತ್ತಿರ, ಮೇಲಕ್ಕೇ ಇರಬೇಕು. ಅಗಲ ಹೆಚ್ಚಬೇಕಾದದ್ದು ತೋಳಿನ ಬಟ್ಟೆಯಲ್ಲಿ. ನನಗೆ ಇದನ್ನು ಕಲಿಸಿದ್ದು ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಹಳೇ ರವಿಕೆ. ಮುಂದೆ ಗಂಟು ಹಾಕಿಕೊಳ್ಳುವ ಬಗೆಯದು, ಹುಕ್ಕೇ ಇಲ್ಲ. ಮೈ ದಪ್ಪ ಆದರೂ ಸಣ್ಣ ಆದರೂ ಗಂಟು ಹಿಂದೆ ಮುಂದೆ ಸರಿಯುತ್ತದೆ ಅಷ್ಟೆ. ಕಂಕುಳಲ್ಲಿ ನೋಡಿದರೆ ಒಂದು ಚೌಕದ ತುಂಡನ್ನು ಓರೆಯಾಗಿ ಕೂರಿಸಿ ಹೊಲಿದಿದ್ದರು. ಕೈ ಎತ್ತಿದಾಗ ಆ ತುಂಡು ಬಿಚ್ಚಿಕೊಳ್ಳುತ್ತದೆ, ಇಳಿಸಿದಾಗ ಮಡಚಿಕೊಳ್ಳುತ್ತದೆ. ಗದ್ದೆಯಲ್ಲಿ ನಾಟಿ ಹಾಕಿ, ಬಾವಿಯಲ್ಲಿ ನೀರು ಸೇದಿ, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವಳ ರವಿಕೆ ಅದು. ಹೊಲಿದವರು ಆಕೆಯ ಕೈ ಎಷ್ಟು ದಪ್ಪ ಎಂದು ನೋಡಿದ ಹಾಗಿಲ್ಲ, ಆ ಕೈ ಏನೇನು ಮಾಡುತ್ತದೆ ಎಂದು ನೋಡಿದ್ದರು. ನಾನು ಆ ರವಿಕೆ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ.

ಮೂರನೆಯದು, ತೋಳನ್ನು ಓರೆ ಬಟ್ಟೆಯಲ್ಲಿ ಕತ್ತರಿಸುವುದು. ನೂಲಿನ ಉದ್ದಕ್ಕೆ ಕತ್ತರಿಸಿದ ಬಟ್ಟೆ ಎಳೆದರೆ ಬರುವುದಿಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಬರುತ್ತದೆ. ಪ್ಯಾರಿಸ್‌ನ ಉಡುಪು ವಿನ್ಯಾಸಕಿ ಮ್ಯಾಡಲೀನ್ ವಿಯೋನೆ 1920ರ ದಶಕದಲ್ಲಿ ಇಡೀ ಉಡುಪನ್ನೇ ಹೀಗೆ ಓರೆಯಲ್ಲಿ ಕತ್ತರಿಸಿ, ಒಳಗೆ ಬಿಗಿಪಟ್ಟಿ ಇಲ್ಲದೆ ಬಟ್ಟೆ ಮೈಯ ಮೇಲೆ ಹರಿಯುವಂತೆ ಮಾಡಿದರು. ನಮ್ಮ ಊರಿನ ಕ್ರಾಸ್ ಕಟ್ ಬ್ಲೌಸಿನಲ್ಲಿ ಎದೆಯ ಭಾಗಕ್ಕೆ ಓರೆ ಹಾಕುವುದೂ ಇದೇ ಗುಣ ನಂಬಿ. ನಾನು ತೋಳಿಗೂ ಹಾಕಿದೆ. ಆದರೆ ಓರೆಗೆ ಬಟ್ಟೆ ಹೆಚ್ಚು ಬೇಕು. ಸೀರೆಯ ಜೊತೆ ಬರುವ ಎಂಬತ್ತು ಸೆಂಟಿಮೀಟರ್ ಪೀಸು ನನ್ನಂಥವರಿಗೆ ಸಾಲುವುದಿಲ್ಲ, ಅರಿಸಿನ ಕುಂಕುಮಕ್ಕೆ ಕೊಡುವ ಕಣವಂತೂ ಇನ್ನೂ ಚಿಕ್ಕದು. ಸಾಲದಿದ್ದರೆ ತೋಳಿಗೆ ಬೇರೆ ಬಟ್ಟೆ ಹಾಕಿ. ಸಾಲದ ಬಟ್ಟೆಯನ್ನೇ ಎಳೆದು ಸಾಲಿಸಬೇಡಿ.

ಕತ್ತರಿಸುವ ಮೊದಲು ಲೈನಿಂಗ್ ಬಟ್ಟೆಯನ್ನು ಒಂದು ರಾತ್ರಿ ನೆನೆಹಾಕಿ ಒಣಗಿಸಿ. ಮೊದಲ ಬ್ಲೌಸನ್ನು ಹಳೇ ಬೆಡ್‌ಶೀಟಿನಲ್ಲಿ ಹೊಲಿಯಿರಿ. ಹಾಕಿಕೊಂಡು ಕೂತು ನೋಡಿ, ಬಗ್ಗಿ ನೋಡಿ, ಅಟ್ಟದ ಡಬ್ಬಕ್ಕೆ ಕೈ ಚಾಚಿ ನೋಡಿ. ನಾನು ಮೂರು ಬೆಡ್‌ಶೀಟ್ ಕೆಡಿಸಿದೆ.

ಹೊಲಿಯುತ್ತಾ ಹೊಲಿಯುತ್ತಾ ಬ್ಲೌಸಿನ ಕಥೆಯ ಹಿಂದೆ ಬಿದ್ದೆ. ಈಗ ಎಲ್ಲರೂ ಕೇಳುವ ಪ್ರಿನ್ಸೆಸ್ ಕಟ್, ಅಂದರೆ ಡಾಟ್ (ಎದೆಯ ಉಬ್ಬಿಗೆ ಬಟ್ಟೆ ಮಡಚಿ ಹಾಕುವ ಹೊಲಿಗೆ) ಬದಲು ಮೇಲಿಂದ ಕೆಳಗಿನವರೆಗೆ ಉದ್ದಕ್ಕೆ ಬರುವ ಹೊಲಿಗೆ, 1870ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ಇಟ್ಟಿದ್ದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಹೆಸರಿನ ಜೊತೆ ಸೇರಿಕೊಂಡಿದೆ. ದೊಡ್ಡ ಎದೆಗೆ ಅದು ಒಳ್ಳೆಯ ಕಟ್, ನಾನು ಮೆಚ್ಚುತ್ತೇನೆ. ಇಂದು ನಾವು ಸೀರೆ ಉಡುವ ರೀತಿಯಲ್ಲೂ ಒಬ್ಬ ಹೆಣ್ಣುಮಗಳ ಮೈಯ ಸಂಕಟವಿದೆ. ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರ ಹೆಂಡತಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಗಂಡನ ಜೊತೆ ಮುಂಬಯಿಗೆ ಹೊರಟಾಗ, ಮನೆಯೊಳಗೆ ಉಡುತ್ತಿದ್ದ ಒಂಟಿ ಸೀರೆಯಲ್ಲಿ ಹೊರಗೆ ಹೋಗುವಂತಿರಲಿಲ್ಲ. ಫ್ರೆಂಚ್ ದರ್ಜಿಯಿಂದ ಹೊಲಿಸಿದ ಉಡುಪು ಆಕೆಗೆ ಹಾಕಿಕೊಳ್ಳಲೂ ಕಷ್ಟವಾಯಿತು. ಮುಂಬಯಿಯಲ್ಲಿ ಪಾರ್ಸಿ ಹೆಂಗಸರನ್ನು ನೋಡಿ, ಒಳಲಂಗ, ರವಿಕೆ, ನೆರಿಗೆ ಸೇರಿಸಿ ತನಗೆ ಒಗ್ಗುವ ಹಾಗೆ ಬದಲಿಸಿಕೊಂಡು ಉಟ್ಟರು. ಬಂಗಾಳಕ್ಕೆ ಮರಳಿ ಉಳಿದವರಿಗೂ ಕಲಿಸಿದರು.

ಮತ್ತೊಂದು ಕಥೆಯನ್ನು ಓದಿದ ದಿನ ನಾನು ಮೆಷಿನ್ ಮುಟ್ಟಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಜಾತಿಯ ಹೆಂಗಸರು ಮೇಲ್ಜಾತಿಯವರ ಹಾಗೆ ಎದೆ ಮುಚ್ಚಿಕೊಳ್ಳುವಂತಿರಲಿಲ್ಲ. ಮುಚ್ಚಿಕೊಂಡರೆ ಬೀದಿಯಲ್ಲೇ ಆ ಬಟ್ಟೆ ಹರಿಯುತ್ತಿದ್ದರು, ಹೊಡೆಯುತ್ತಿದ್ದರು. ದಶಕಗಳ ಹೋರಾಟದ ನಂತರ 1859ರಲ್ಲಿ ಮಹಾರಾಜರ ಆಜ್ಞೆ ಬಂತು: ರವಿಕೆ ತೊಡಬಹುದು, ಆದರೆ ಮೇಲ್ಜಾತಿಯವರಂತೆ ಉಡಬಾರದು. ನಾನು ದಿನಾ ಕತ್ತರಿಸಿ ಎಸೆಯುವ ಅಂಗೈ ಅಗಲದ ಬಟ್ಟೆಗಾಗಿ ಹೆಂಗಸರು ಏಟು ತಿಂದಿದ್ದಾರೆ. ಆ ಮೇಲೆ ಯಾರಾದರೂ ನನ್ನ ಅಂಗಡಿಯಲ್ಲಿ ಇನ್ನೊಬ್ಬರ ಮೈ ಬಗ್ಗೆ ನಕ್ಕರೆ ಅವರ ಪೀಸನ್ನು ವಾಪಸ್ ಕೊಟ್ಟು ಕಳಿಸುತ್ತೇನೆ.

ಕೊನೆಗೆ ಸರಿಯಾಗಿ ಕೂತ ಬ್ಲೌಸ್ ಹಾಕಿಕೊಂಡು ನಾನು ಮೊದಲು ಹೋದದ್ದು ಲೇಪಾಕ್ಷಿಗೆ. ನಮಗೆ ಹಿಂದೂಪುರದವರೆಗೆ ರೈಲು, ಅಲ್ಲಿಂದ ಬಸ್ಸು. ವೀರಭದ್ರನ ಗುಡಿಯ ಚಾವಣಿಯಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ ಚಿತ್ರಗಳಿವೆ. ಗಂಡಸರಿಗೆ ಎತ್ತರದ ಕುಲಾವಿ, ಹೆಂಗಸರಿಗೆ ಪಟ್ಟೆ ಮತ್ತು ಚೌಕಳಿ ಸೀರೆ, ನೆರಿಗೆಯ ತುದಿ ಚೂಪಾಗಿ ಹೊರಕ್ಕೆ ಚಾಚಿಕೊಂಡಿದೆ. ಕತ್ತು ನೋಯುವವರೆಗೂ ನೋಡಿದೆ. ಸೊಂಟದ ಅಗಲ ಅಡಗಿಸಲು ಯಾರೂ ಉಟ್ಟಿಲ್ಲ, ಅಡ್ಡ ಪಟ್ಟೆ ಉಟ್ಟು ನೆಟ್ಟಗೆ ನಿಂತಿದ್ದಾರೆ. ಹೊರಗೆ ಲತಾ ಮಂಟಪದ ಕಂಬಗಳಲ್ಲಿ ಕೆತ್ತಿದ ಬಳ್ಳಿ, ಹೂವು, ಹಕ್ಕಿಯ ವಿನ್ಯಾಸಗಳನ್ನು ಈಗಲೂ ಸೀರೆಗೆ ಹಾಕುತ್ತಾರೆ. ಓರಗಿತ್ತಿ ಒಂದು ಕಂಬಕ್ಕೆ ತನ್ನ ಸೆರಗು ಹಿಡಿದು ಹೋಲಿಸಿ ನೋಡಿದಳು. ನಾನು ಅಲ್ಲೇ ಕೈ ಮೇಲೆತ್ತಿ ಒಂದು ಹಂಸ ತೋರಿಸಿದೆ. ಹೊಲಿಗೆ ಹಿಡಿದುಕೊಂಡಿತ್ತು.

ದಪ್ಪ ಇರುವವರು ದೊಡ್ಡ ಅಂಚು ಉಡಬಾರದು, ತಿಳಿ ಬಣ್ಣ ಬೇಡ, ಅಡ್ಡ ಪಟ್ಟೆ ಬೇಡ ಎಂದು ನನಗೆ ಚಿಕ್ಕಂದಿನಿಂದ ಹೇಳಿದ್ದರು. ಮೂವತ್ತು ವರ್ಷ ಹೆಚ್ಚಾಗಿ ಕಡುನೀಲಿ ಮತ್ತು ಕಾಫಿ ಬಣ್ಣ ಉಟ್ಟೆ. ಈಗ ಗೇಣುದ್ದ ಅಂಚಿನ ಸೀರೆಯೇ ನನಗೆ ಚೆಂದ ಕಾಣುತ್ತದೆ, ನನ್ನ ಎತ್ತರಕ್ಕೆ ಅದು ಹೊಂದುತ್ತದೆ. ಸಣ್ಣ ಅಂಚು ನನ್ನ ಮೈಮೇಲೆ ಕಳೆದುಹೋಗುತ್ತದೆ. ಇದು ನನ್ನ ಕಣ್ಣು, ನಿಮ್ಮದು ಬೇರೆ ಇರಬಹುದು.

ಹೋದ ವರ್ಷ ಒಬ್ಬ ಅಮ್ಮ ಬಂದರು, ಅರವತ್ತರ ಹತ್ತಿರದವರು. ಅವರ ಕೈಯಲ್ಲೂ ಅಳತೆ ಬ್ಲೌಸ್. "ಇದು ಹಳೇದು ಕಣಮ್ಮ, ಆದ್ರೆ ಈಗ ಹೀಗಿಲ್ಲ ನಾನು" ಎಂದರು. ಎಡ ಸ್ತನ ಆಪರೇಷನ್ ಆಗಿತ್ತು. ಶಟರ್ ಅರ್ಧ ಇಳಿಸಿದೆ. ಎರಡೂ ಕಡೆ ಬೇರೆ ಬೇರೆ ಅಳೆದೆ. ಆಪರೇಷನ್ ಆದ ಕಡೆಯ ತೋಳು ಊದಿಕೊಂಡು ಬಲಗೈಗಿಂತ ಒಂದೂವರೆ ಇಂಚು ಹೆಚ್ಚಿತ್ತು, ಆದ್ದರಿಂದ ಎರಡು ತೋಳನ್ನೂ ಬೇರೆ ಬೇರೆ ಕತ್ತರಿಸಿದೆ. ಎಡಗಡೆ ಲೈನಿಂಗ್ ಒಳಗೆ ಮೆತ್ತನೆಯ ಹತ್ತಿ ಬಟ್ಟೆಯ ಜೇಬು ಹೊಲಿದು, ಅದರೊಳಗೆ ಕೂರುವಂತೆ ಹತ್ತಿಯ ದಿಂಬು ಮಾಡಿದೆ. ಬರೀ ಹತ್ತಿಗೆ ತೂಕ ಇಲ್ಲ, ಆ ಕಡೆ ಬ್ಲೌಸ್ ಮೇಲಕ್ಕೆ ಏರುತ್ತದೆ. ಒಳಗೊಂದು ಪುಟ್ಟ ಚೀಲದಲ್ಲಿ ಎರಡು ಹಿಡಿ ರಾಗಿ ಹಾಕಿ ಸರಿದೂಗಿಸಿದೆ. ಒಗೆಯುವಾಗ ಎರಡನ್ನೂ ತೆಗೆದಿಡಬಹುದು. ಗಾಯದ ಮೇಲೆ ಬರುವ ಹೊಲಿಗೆಗಳನ್ನೆಲ್ಲ ಹೊರಮುಖ ಮಾಡಿ ಪಟ್ಟಿಯಿಂದ ಮುಚ್ಚಿದೆ.

ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಸೆರಗು ಹೊದ್ದರು, ತೆಗೆದರು, ಪಕ್ಕಕ್ಕೆ ತಿರುಗಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆನ್ನು ನೋಡಿಕೊಂಡು, "ಬಟ್ಟೆ ಉಳಿದೈತಾ? ಹಿಂದೆ ದಾರ ಹಾಕಿ ಕುಚ್ಚು ಕಟ್ಟಿಕೊಡು, ಈಗಿನ ಹುಡುಗೀರು ಹಾಕ್ಕೊಳ್ತಾರಲ್ಲ ಹಂಗೆ" ಎಂದರು. ಕುಚ್ಚಿನ ಡಬ್ಬ ಕೆಳಗಿಳಿಸಿದೆ. ನೀಲಿ ತೋರಿಸಿದರೆ ಬೇಡವೆಂದರು, ಕಂದು ಬೇಡವೆಂದರು. ಅಂಚಿನಲ್ಲಿದ್ದ ಗಿಣಿ ಹಸಿರೇ ಬೇಕಂತೆ, ಅದೂ ಉದ್ದದ್ದು.