ಊರ ದನಕ್ಕೆ ಹೋರಿ ಆರಿಸುವಾಗ ನಾನು ಹಾಕುವ ಲೆಕ್ಕ

ಕಾರ್ಕಳದ ಹತ್ತಿರ ನಮ್ಮ ಹಟ್ಟಿಯಲ್ಲಿ ಇರುವುದೆಲ್ಲ ಊರ ದನ, ಅಂದರೆ ಮಲೆನಾಡು ಗಿಡ್ಡ. ಸಣ್ಣ ಹಿಂಡು. ಇಷ್ಟು ಸಣ್ಣ ಹಿಂಡಿನಲ್ಲಿ ಮೇವಿಗಿಂತ ದೊಡ್ಡ ಚಿಂತೆ ಹೋರಿಯದು.

ಒಂದೇ ಹೋರಿಯನ್ನು ವರ್ಷಗಟ್ಟಲೆ ಇಟ್ಟುಕೊಂಡರೆ ಅದರ ಮಗಳೇ ಬೆದೆಗೆ ಬರುತ್ತಾಳೆ. ಅಪ್ಪ ಮಗಳು ಕೂಡಿದರೆ ಹುಟ್ಟುವ ಕರುವಿನ ಒಳಸಂಬಂಧ, ಅಂದರೆ ಒಂದೇ ಪೂರ್ವಜರ ಒಂದೇ ಜೀನ್ ಅಪ್ಪ, ಅಮ್ಮ ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ, ಶೇ. 25. ಅಪ್ಪ ಒಂದೇ, ತಾಯಿ ಬೇರೆ ಇರುವ ಜೋಡಿಯಾದರೆ ಶೇ. 12.5. ಇದರಿಂದ ಹೊಸ ರೋಗ ಹುಟ್ಟುವುದಿಲ್ಲ. ಮೊದಲೇ ಅಡಗಿದ್ದ ದೋಷ ಎರಡೂ ಕಡೆಯಿಂದ ಬಂದು ಸೇರುತ್ತದೆ, ಅಷ್ಟೆ. ಅರಬ್ ಕುದುರೆಗಳಲ್ಲಿ ಎಸ್‌ಸಿಐಡಿ ಎಂಬ ಕಾಯಿಲೆ ಹೀಗೇ ಬರುತ್ತದೆ. ದೋಷ ಹೊತ್ತ ಗಂಡು, ಹೆಣ್ಣು ಎರಡೂ ನೋಡಲು ಗಟ್ಟಿಮುಟ್ಟು. ಅವು ಕೂಡಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25. ಅಂಥ ಮರಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ, ಕೆಲವೇ ತಿಂಗಳಲ್ಲಿ ಸಾಯುತ್ತದೆ. ಕುದುರೆ ಸಾಕುವವರಿಗೆ ಇದಕ್ಕೆ ಜೀನ್ ಪರೀಕ್ಷೆ ಇದೆ. ನನ್ನ ಕೈಯಲ್ಲಿರುವುದು ಒಂದು ನೋಟ್‌ಬುಕ್.

ಅದರಲ್ಲಿ ಪ್ರತಿ ಕರುವಿಗೂ ಒಂದು ಪುಟ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಅವರ ಹಿಂದಿನ ತಲೆಯೂ ಸೇರಿ. ಬೆದೆಗೆ ಬಂದಾಗ ಎರಡು ಪುಟ ಪಕ್ಕದಲ್ಲಿಟ್ಟು, ಒಂದೇ ಹೆಸರು ಎರಡೂ ಕಡೆ ಇದೆಯಾ ಎಂದು ನೋಡುತ್ತೇನೆ.

ಹಾಗಂತ ಸಂಬಂಧವನ್ನು ಪೂರ್ತಿ ಬಿಟ್ಟಿಲ್ಲ. ನಮ್ಮ ಗೌರಿ ಗುಡ್ಡ ಹತ್ತುವುದರಲ್ಲಿ, ಸುಲಭವಾಗಿ ಕರು ಹಾಕುವುದರಲ್ಲಿ ಎತ್ತಿದ ಕೈ. ಆ ಗುಣ ಉಳಿಯಬೇಕು ಅನ್ನೋ ಆಸೆ. ಅವಳ ಇಬ್ಬರು ಹೆಣ್ಣುಮಕ್ಕಳಿಗೆ ಅಪ್ಪಂದಿರು ಬೇರೆ ಬೇರೆ. ಒಬ್ಬಳ ಮಗನನ್ನು ಇನ್ನೊಬ್ಬಳ ಮಗಳ ಜೊತೆ ಕೂಡಿಸಿದೆ. ಗೌರಿಯ ಲೆಕ್ಕದಲ್ಲಿ ಒಳಸಂಬಂಧ ಶೇ. 3 ಚಿಲ್ಲರೆ. ಅಷ್ಟು ನನಗೆ ಒಪ್ಪಿಗೆ. ಅದಾದ ಮೇಲಿನ ತಲೆಗೆ ಮಾತ್ರ ಹೊರಗಿನ ಹೋರಿಯೇ.

ಹೊರಗಿನದು ಅಂದರೆ ಜೆರ್ಸಿ ಅಲ್ಲ. “ಮಾರಾಯ್ರೆ, ಇಂಜೆಕ್ಷನ್ ಕೊಡಿಸಿ, ಹಾಲು ಜಾಸ್ತಿ ಆಗ್ತದೆ” ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಇಂಜೆಕ್ಷನ್ ಅಂದರೆ ಜೆರ್ಸಿ ಹೋರಿಯ ವೀರ್ಯ ಹಾಕಿಸುವುದು. ಹಾಲು ಹೆಚ್ಚುವುದು ನಿಜ. ಆದರೆ ಗಿಡ್ಡ ಹಸುವಿನ ಹೊಟ್ಟೆಯಲ್ಲಿ ದೊಡ್ಡ ಕರು ಬೆಳೆದರೆ ಹೆರಿಗೆ ಕಷ್ಟ. ತಳಿಯೂ ಕೈ ತಪ್ಪುತ್ತದೆ. ಅದಕ್ಕೇ ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿ ಕಡೆಯಿಂದ ಗಿಡ್ಡ ಹೋರಿಯನ್ನೇ ತಂದೆ. ನಮ್ಮದೊಂದು ಹೋರಿ ಅಲ್ಲಿಗೆ ಹೋಯಿತು. ದುಡ್ಡಿನ ಮಾತೇ ಬರಲಿಲ್ಲ.

ತರುವ ಮೊದಲು ಅದರ ತಾಯಿಯನ್ನು ನೋಡಿದೆ. ಕೆಚ್ಚಲು, ಗೊರಸು, ಗುಣ. ಬ್ರುಸೆಲ್ಲಾ (ದನಗಳಲ್ಲಿ ಗರ್ಭಪಾತ ಮಾಡಿಸುವ ಸೋಂಕು), ಕ್ಷಯ ಎರಡಕ್ಕೂ ಪರೀಕ್ಷೆ ಮಾಡಿಸಿದೆ, ಬಂದ ಮೇಲೆ ಕೆಲವು ವಾರ ಬೇರೆ ಕಟ್ಟಿದೆ. ಆ ಹೋರಿಗೂ ಈಗ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ. ಅದರ ಹೆಣ್ಣುಕರುಗಳು ಬೆದೆಗೆ ಬರುವ ಮೊದಲು ಅದನ್ನು ಬೇರೆ ಹಟ್ಟಿಗೆ ಕೊಡಬೇಕು. ಕೇಳಿದವರಿಗೆ ಈಗಲೇ ಹೇಳಿಟ್ಟಿದ್ದೇನೆ.